ಲುವಾಂಡಾ ದಂಡೆಯ ಪೆದ್ರೊಗಳು

ಕಿಬಂಗು ಬೆಟ್ಟದ ಅಕ್ಕನಿಗೆ ತಮ್ಮ ಬಾಲ್ತಸಾರ್‌ನ ನಮಸ್ಕಾರ.

ಲುವಾಂಡಾ ಬಂದರಿನಲ್ಲಿ ಪಾದ್ರಿಗಳ ದುಭಾಷಿಯಾಗಿದ್ದೇನೆ. ನಿನ್ನೆ ಪಾದ್ರಿಗಳು, ಗುಲಾಮರಾಗಿ ಮಾರಲು ಹಡಗಿಗೆ ಸಾಗಿಸುವ ಸೆರೆಯಾಳುಗಳನ್ನು ಕ್ರೈಸ್ತರನ್ನಾಗಿಸಲು ಅವರ ನಾಲಿಗೆಗೆ ಉಪ್ಪು ಮುಟ್ಟಿಸಿ, ತಲೆಗೆ ನೀರು ಹಾಕಿ ಹೆಸರಿಟ್ಟರು. ಇಡೀ ಸಾಲಿಗೆ ಒಂದೇ ಹೆಸರು, ಪೆದ್ರೊ. ನಮ್ಮ ಕಾಂಗೋ ದೊರೆಯದೂ ಅದೇ, ಈ ಬಂದರನ್ನಾಳುವ ಪೋರ್ಚುಗಲ್ ದೊರೆಯದೂ ಅದೇ. ನಮ್ಮಲ್ಲಿ ಒಂದೇ ಹೆಸರಿನವರು ಒಂದೇ ಮೈ ಇದ್ದಂತೆ, ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ. ಇನ್ನು ಅವರನ್ನು ಕಟ್ಟಿದ ಹಗ್ಗ ಬಿಚ್ಚುತ್ತಾರೆ ಎಂದು ಕಾದೆ. ಬಿಚ್ಚಲಿಲ್ಲ.

"ದೊರೆ ಹೆಸರಿನವರನ್ನ ಹಿಂಗೆ ಕಟ್ಟಬಹುದಾ ಸ್ವಾಮಿ?" ಎಂದು ಕಾವಲಿನವನನ್ನು ಕೇಳಿದೆ.

"ಯಾವ ದೊರೆನಯ್ಯಾ? ನಿಮ್ಮೋನಾದ್ರೆ ಕರ್ಕೊಂಡ್ಬಾ, ಹಗ್ಗ ಇನ್ನೂ ಉಳಿದಿದೆ," ಎಂದು ನಕ್ಕ.

ಸಾಲಿನ ಕೊನೆಯಲ್ಲಿದ್ದ ಮುದುಕ ನಮ್ಮ ಮಾತಿನಲ್ಲೇ ಕೇಳಿದ: "ಮಗಾ, ಪೆದ್ರೊ ಅಂದ್ರೆ ಬಿಟ್ಬಿಡ್ತಾರಾ?"

ಹೂಂ ಅಂದುಬಿಟ್ಟೆ ಅಕ್ಕಾ. ಅವನು ಆ ಹೆಸರನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾ ದೋಣಿ ಹತ್ತಿದ.

ನನ್ನ ಕೆಮ್ಮು ಕಡಿಮೆಯಾಗಿದೆ. ಕಾಗದ ಒಯ್ಯುವವನು ಹೊರಟು ನಿಂತಿದ್ದಾನೆ. ಹುಟ್ಟುವ ಮಗುವಿಗೆ ದೊರೆಯ ಹೆಸರಿಟ್ಟರೆ ಯಾರೂ ಮುಟ್ಟುವುದಿಲ್ಲ ಅಂದಿದ್ದೆಯಲ್ಲ, ಇಡುವುದಾದರೆ ಇಡು. ಆದರೆ ಆ ಹೆಸರನ್ನು ನಂಬಿಕೊಂಡು ಬೆಟ್ಟ ಮಾತ್ರ ಇಳಿಯಬೇಡ.