ನಿಲುವಂಗಿಯ ಅಳತೆ

ಜೂನ್ ೯, ಭಾನುವಾರ

ಅಪ್ಪನ ಹೆಸರು ಬಿಟ್ಟೇಬಿಟ್ಟರು. ನಮ್ಮ ಚರ್ಚಿನ ಸಭೆಗೆ ನೂರು ವರ್ಷವಾಯಿತೆಂದು ತರುತ್ತಿರುವ ಪುಸ್ತಕದಲ್ಲಿ ಹನ್ನೊಂದು ಸಭಾಪಾಲಕರ ಪಟ್ಟಿಯಿದೆ. ನಡುವಿನ ಮೂರು ವರ್ಷಗಳ ಎದುರಿಗೆ ‘ಪಾಲಕರಿರಲಿಲ್ಲ’ ಎಂದಷ್ಟೇ ಇದೆ. ಆ ಮೂರು ವರ್ಷವೂ ಆರಾಧನೆ ನಡೆಸಿದ್ದು ದರ್ಜಿಯಾಗಿದ್ದ ನನ್ನಪ್ಪ.

ಈಗಿನ ಪಾಲಕರನ್ನು ಕೇಳಿದೆ. “ಅವರಿಗೆ ದೀಕ್ಷೆ ಆಗಿರ್ಲಿಲ್ವಲ್ಲ ಅಕ್ಕ, ಹೇಗೆ ಹಾಕೋದು?” ಎಂದರು. ಸರಿಯಾದ ಮಾತೇ. ಅದಕ್ಕೇ ಹೊಟ್ಟೆ ಉರಿಯುತ್ತದೆ.

ಅಪ್ಪನೂ ಅದನ್ನೇ ಹೇಳುತ್ತಿದ್ದ. ವೇದಿಕೆ ಹತ್ತದೆ ಕೆಳಗೆ ನಿಂತೇ ವಾಕ್ಯ ಓದುತ್ತಿದ್ದ. ಆರಾಧನೆಯ ಕೊನೆಗೆ ಪಾಲಕರ ಹಾಗೆ ಎರಡೂ ಕೈ ಎತ್ತಿ ಆಶೀರ್ವದಿಸುತ್ತಿರಲಿಲ್ಲ, ಎಲ್ಲರ ಜೊತೆ ತಾನೂ ತಲೆ ಬಗ್ಗಿಸುತ್ತಿದ್ದ. ಮುಂದೆ ಬರುವ ಪಾಲಕರಿಗೆಂದು ಬಿಳಿ ನಿಲುವಂಗಿ ಹೊಲಿದಿಟ್ಟು, ಪ್ರತಿ ಶನಿವಾರ ಇಸ್ತ್ರಿ ಮಾಡಿ ಗೂಟಕ್ಕೆ ಹಾಕುತ್ತಿದ್ದ.

“ನೀನೇ ಹಾಕ್ಕೋಬಾರ್ದಾ ಅಪ್ಪ?” ಎಂದು ಕೇಳಿದ್ದೆ.

“ದೇವರು ಕರೆದಿರೋರು ಬಂದು ಹಾಕ್ಕೋತಾರೆ, ಸುಮ್ನಿರು.”

ಇವತ್ತು ಆ ನಿಲುವಂಗಿಯನ್ನು ನನಗೆ ಕೊಟ್ಟು ಕಳಿಸಿದರು, ಸಮಾಧಾನಕ್ಕಿರಬೇಕು. ಆಮೇಲೆ ಬಂದ ಪಾಲಕರು ಗಿಡ್ಡ, ಅಂಚು ಮಡಿಸಿ ಹೊಲಿದಿತ್ತು. ಆ ಹೊಲಿಗೆ ಬಿಚ್ಚಿ, ಅಪ್ಪನ ಹಳೇ ಶರ್ಟನ್ನು ಮೇಲೆ ಹಾಸಿದೆ. ಹೊಲಿಗೆ ಮಿಷನ್ ತುಳಿದೂ ತುಳಿದೂ ಅವನ ಎಡಭುಜ ಇಳಿದಿತ್ತು. ಎರಡರಲ್ಲೂ ಎಡಭುಜ ಅರ್ಧ ಬೆರಳು ಇಳಿದಿದೆ.

ಅಳತೆ ಕೊಡಲು ಪಾಲಕರೇ ಇರಲಿಲ್ಲವಲ್ಲ, ತನ್ನದೇ ಅಳತೆ ಹಿಡಿದಿದ್ದಾನೆ. ಅಂದಮೇಲೆ ಒಮ್ಮೆಯಾದರೂ ತೊಟ್ಟು ನೋಡಿರುತ್ತಾನೆ, ಅಂಗಡಿಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ. ತೋಳು ಸರಿ ಕೂತಿದೆಯೇ ಎಂದು ತಿಳಿಯಬೇಕಾದರೆ ಎರಡೂ ಕೈ ಎತ್ತಲೇಬೇಕು. ನಾನಾಗ ಹಿಂದಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದೆನೇನೋ. ಒಂದೇ ಒಂದು ಸಲ, ಆ ಕೈಗಳ ಕೆಳಗೆ ನಾನು ನಿಂತಿದ್ದಿದ್ದರೆ…