ಸನ್ಮಾನಕ್ಕೆ ಏಳಬೇಡ

ಅಪ್ಪಾ,

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ.

ಸಂಜೆ ಹಂಪಿಯ ಸಂಗೀತ ಕಚೇರಿಗೆ ಬಾ, ಆದರೆ ಹಿಂದಿನ ಸಾಲಿನಲ್ಲೇ ಕೂತ್ಕೋ. ಕಚೇರಿ ಏರ್ಪಡಿಸಿದ ಗಣಿ ಧಣಿಗಳು ಹಂಚಿದ ಕರಪತ್ರದಲ್ಲಿ ಸನ್ಮಾನಕ್ಕೆ ನಿನ್ನ ಹೆಸರು ಅಚ್ಚಾಗಿದೆ. ನಿನ್ನನ್ನು ಯಾರು ಕೇಳಿದರು?

ಸಂಡೂರಿನ ಸಂಗೀತ ಕಚೇರಿಯಲ್ಲಿ ಪಂಪಣ್ಣ ಮಾಮನಿಗೂ ಹೀಗೇ ಶಾಲು ಹೊದಿಸಿ, ಮರುದಿನ ಹೊಲ ಕೇಳಲು ಬಂದರು. "ಅಷ್ಟು ಮಂದಿ ಮುಂದ ಶಾಲು ಹೊದ್ಕೊಂಡು, ಈಗ ಹೆಂಗವ್ವಾ ಇಲ್ಲ ಅನ್ನೋದು?" ಅಂತ ಮಾಮ ಹೂಂ ಅಂದುಬಿಟ್ಟ. ಈಗ ಆ ಹೊಲದಲ್ಲಿ ಅದಿರಿನ ಲಾರಿ ಓಡಾಡುತ್ತವೆ. ಮುಂದಿನ ವಾರ ಕಂಪ್ಲಿಯಲ್ಲಿ ಕಚೇರಿಯಂತೆ. ಅಲ್ಲಿ ಯಾರಿಗೆ ಶಾಲೋ! ನಮಗಿರುವುದು ಗಾದಿಗನೂರಿನ ಒಂದೇ ಹೊಲ.

ವೇದಿಕೆಯ ಮೇಲೆ ತಂಬೂರಿ ಹಿಡಿದು ಕೂತಿರುತ್ತೇನೆ. ನೀನು ಮೆಟ್ಟಿಲು ಹತ್ತಿದರೆ, ಮೈಕಿನಲ್ಲಿ ನಾನೇ ಬೇಡ ಅನ್ನಬೇಕಾಗುತ್ತದೆ. ಮನೆಗೆ ನೆಂಟರು ಬಂದರೇ ನನ್ನ ಬಾಯಿ ಕಟ್ಟುತ್ತದೆ, ಗೊತ್ತಲ್ಲ. ನನ್ನಿಂದ ಅದನ್ನು ಮಾಡಿಸಬೇಡ.

ಸ್ಫೂರ್ತಿ