ಗುಳಿಗೆಯ ಮೇಲೊಂದು ಕಪ್ ಚಹಾ

ಇಳಕಲ್, ಫೆಬ್ರವರಿ ೩೦, ೨೨೧೯

ಪ್ರೀತಿಯ ಪಲ್ಲವಿ ಅಜ್ಜಿಗೆ,

ನಿನ್ನ ಮರಿಮೊಮ್ಮಗಳ ಮರಿಮೊಮ್ಮಗಳು ಬಾಳವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ನಗಬೇಡ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಅಜ್ಜಿಯೆಂದು ಕರೆದರೂ, ಈ ಪತ್ರ ಇನ್ನೂರು ವರ್ಷ ಹಿಂದಕ್ಕೆ ಬಂದು ನಿನ್ನ ಕೈಸೇರುವಾಗ ನೀನಿನ್ನೂ ಇಪ್ಪತ್ತೆರಡರ ಬಸುರಿ, ನಾನು ಮೂವತ್ತರ ಬಸುರಿ. ಹೀಗಾಗಿ ನಿನ್ನನ್ನು ಸ್ವಲ್ಪ ಗದರಿಸುವ ಹಕ್ಕು ನನಗಿದೆ.

ನಮ್ಮ ಮನೆಗಳಲ್ಲಿ ನೆತ್ತರುಗನ್ನಡಿ ಇರುತ್ತದೆ. ಮುಖ ತೋರಿಸಿದರೆ ಮೈಯಲ್ಲಿ ರಕ್ತ ಎಷ್ಟಿದೆಯೆಂದು ಹೇಳುವ ಕನ್ನಡಿ ಅದು. ಐದನೇ ತಿಂಗಳಿಂದ ಅದು ನನಗೆ ರಕ್ತ ಕಡಿಮೆ ಎಂದೇ ಹೇಳುತ್ತಿತ್ತು. ಜೊತೆಗೆ ನೆಗಡಿ ಹೋದರೆ ಜ್ವರ, ಜ್ವರ ಹೋದರೆ ಉರಿಮೂತ್ರ. ಕಬ್ಬಿಣಾಂಶ ಬೇಕಾಗಿರುವುದು ರಕ್ತದ ಕೆಂಪಿಗಷ್ಟೇ ಅಲ್ಲ, ರೋಗದೊಡನೆ ಹೋರಾಡುವ ಕಣಗಳಿಗೂ ಬೇಕು ಎಂದು ಡಾಕ್ಟರ್ ಚಾಂದಬೀ ತಿಳಿಸಿದರು. ಅದು ತಗ್ಗಿದರೆ ಕಾವಲುಗಾರರು ಉಪವಾಸ ಬಿದ್ದಂತೆ, ಕಳ್ಳ ಬಂದರೂ ಏಳಲಾರರು. ಇನ್ನೊಂದು ಸೋಂಕು ಬಲವಾಗಿ ತಗುಲಿದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದೆಂದರು. ಅಂದು ನಾನು ಅತ್ತುಬಿಟ್ಟೆ, ಅಜ್ಜಿ.

ಕಬ್ಬಿಣಾಂಶದ ಗುಳಿಗೆ ತಪ್ಪಿಸಿದವಳಲ್ಲ ನಾನು. ಐದು ತಿಂಗಳು ತುಂಬಿತೆಂದರೆ ಓಣಿಯ ಮನೆಮನೆಯವರೂ ಬಸುರಿಯನ್ನು ಕರೆದು ಉಣಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಊಟ ಮುಗಿದೊಡನೆ ಕಣ್ಣೆದುರೇ ಗುಳಿಗೆ ನುಂಗಿಸುವರು. ಹಿಂದೆಯೇ, “ಬಾಯಿ ಕೆಟ್ಟಿರ್ತೈತಿ, ಒಂದ್ ಗುಟುಕು ಚಾ ಕುಡಿಯವಾ” ಎಂದು ಕಪ್ ಹಿಡಿಸುವರು. ಚಹಾದ ಒಗರು ಕಬ್ಬಿಣಾಂಶವನ್ನು ಕಟ್ಟಿಹಾಕಿ ಮೈಗೆ ಹತ್ತಗೊಡುವುದಿಲ್ಲ. ಅಷ್ಟು ಗುಳಿಗೆ ನುಂಗಿದ್ದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು!

ಡಾಕ್ಟರ್ ಓಣಿಗೇ ಬಂದು ಇದನ್ನು ಹೇಳಿದಾಗ ಮೂಲೆಮನೆಯ ದ್ಯಾಮವ್ವ ಸಿಟ್ಟಾದಳು. “ಚಾ ಕೊಡಲಿಲ್ಲಂದ್ರ ಬಸುರಿಗೆ ಮರ್ಯಾದಿ ಹೆಂಗ ಮಾಡೂದ್ರಿ?” ಕೊನೆಗೆ ಗುಳಿಗೆಯ ಜೊತೆ ಲಿಂಬೆ ಪಾನಕ, ಎರಡು ತಾಸಿನ ಮೇಲೆ ಚಹಾ ಎಂದು ರಾಜಿಯಾಯಿತು. ಈಗ ದ್ಯಾಮವ್ವನದೇ ಕಾವಲು. ನಾನು ಅಡುಗೆಮನೆಯತ್ತ ಇಣುಕಿದರೂ ಚಹಾದ ಪಾತ್ರೆಗೆ ಮುಚ್ಚಳ ಹಾಕುತ್ತಾಳೆ. ನನಗೀಗ ಒಂಬತ್ತು ತಿಂಗಳು. ಜ್ವರವಿಲ್ಲ, ಕೂಸು ಒಳಗೆ ಕುಣಿಯುತ್ತಿದೆ, ನನಗೆ ಖುಷಿಯೋ ಖುಷಿ.

ನಿನಗೂ ರಕ್ತ ಕಡಿಮೆಯಿತ್ತು, ಚಹಾ ಎಂದರೆ ಪ್ರಾಣವಾಗಿತ್ತು ಎಂದು ಮನೆಯವರು ಇಂದಿಗೂ ಹೇಳುತ್ತಾರೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಗುಳಿಗೆ ನುಂಗಿದ ಮೇಲೆ ಆ ಕಪ್ಪನ್ನು ಎರಡು ತಾಸು ಕೆಳಗಿಡು. ನಿನ್ನ ಹೊಟ್ಟೆಯಲ್ಲಿರುವ ಕೂಸು ಗಟ್ಟಿಯಾಗಿ ಹುಟ್ಟಿಬರಲಿ. ನಾನೂ ನನ್ನ ಕೂಸೂ ಅದರ ಹಿಂದೆಯೇ ಸಾಲಿನಲ್ಲಿ ನಿಂತಿದ್ದೇವೆ.

ನಿನ್ನ ಬಾಳವ್ವ